ನಡುವಿನ ಹಲಗೆ

ಬನ್ನಿ ಸೆವ್ರಿನ್ ಬಾಯಿ, ಮೆಟ್ಟಿಲು ಜಾಗ್ರತೆ.
ಕೆಳಗೆ ಒಣಮೀನಿನ ಗೋದಾಮು, ವಾಸನೆಗೆ ಬಾಡಿಗೆ ಇಲ್ಲ.
ಕೂತುಕೊಳ್ಳಿ. ಫ್ಯಾನು ಸ್ವಲ್ಪ ಕೂಗ್ತದೆ,
ಗಾಳಿ ಮಾತ್ರ ಪ್ರಾಮಾಣಿಕ.

ಮೊದಲೇ ಹೇಳಿಬಿಡುವ:
ನನ್ನ ಹತ್ತಿರ ಒಂದು ದೋಣಿಯೂ ಇಲ್ಲ,
ಹುಟ್ಟೂ ಇಲ್ಲ, ಹಗ್ಗದ ತುಂಡೂ ಇಲ್ಲ.
ಇರುವುದು ಎರಡು ಫೋನು, ಒಂದು ಡೈರಿ,
ಈ ಬಂದರದ ಮೂವತ್ತು ವರ್ಷದ ಉಪ್ಪು.
ಯಾಟ್ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ
ನಡುವೆ ಎರಡಕ್ಷರ ಉಂಟಂತೆ, ಹೇಳುವಾಗ ಇಲ್ಲವಂತೆ,
ಮೊಮ್ಮಗಳು ಹೇಳಿದ್ದು.
ಈ ಇದಿನಬ್ಬನೂ ಹಾಗೆಯೇ:
ಕರಾರಿನಲ್ಲಿ ಉಂಟು, ಬೋಟಿನಲ್ಲಿ ಇಲ್ಲ.

ಯಾವ ಮಾಲಕನ ಆಳೂ ನಾನಲ್ಲ,
ಅದಕ್ಕೇ ಮಾಲಕ ಹೇಳದ್ದನ್ನು ಹೇಳ್ತೇನೆ.
ಮಲ್ಪೆಯದ್ದು ಚಂದ ಉಂಟು, ಬಿಳಿ ಸೋಫಾ, ನೀಲಿ ದೀಪ;
ಜನರೇಟರು ಹಾಕಿದರೆ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ.
ಬೋಳೂರಿನ ಬಿಲ್ಡರಿನದ್ದು ಹೊಸತು;
ಹನ್ನೆರಡು ಜನ ಹಿಡಿಯುತ್ತದಂತೆ, ಲೈಫ್ ಜಾಕೆಟು ಎಂಟು.
ಉಳಿದ ನಾಲ್ವರು ಎಂತ, ಪ್ರಾರ್ಥನೆ ಹಿಡಿದು ತೇಲುವುದಾ?
ಮೂರನೆಯದು ಮೊದಲು ಟ್ರಾಲ್ ಬೋಟು,
ಬಣ್ಣ ಬಳಿದುಕೊಂಡು ಯಾಟ್ ಆದದ್ದು.
ತಾಂಡೇಲ ವಾಮನ ಕರ್ಕೇರ.
ಅಳಿವೆಬಾಗಿಲಿನ ಮರಳು ಈ ವಾರ ಎಲ್ಲಿ ಮಲಗಿದೆಯೆಂದು
ಅವನಿಗೆ ನಿದ್ದೆಯಲ್ಲೂ ಗೊತ್ತು.
ಅದನ್ನೇ ತೆಗೆದುಕೊಳ್ಳಿ ಎನ್ನುವುದಿಲ್ಲ.
ಅದರಲ್ಲಿ ನನಗೆ ಕಮಿಷನು ಕಡಿಮೆ, ಅಷ್ಟು ಹೇಳ್ತೇನೆ.

ಯಾರಿಗೆ? ಅಪ್ಪನಿಗಾ? ಎಂಬತ್ತು ತುಂಬುವುದಾ?
ಹಡಗಿನಲ್ಲಿದ್ದವರು... ಓ, ಇಂಜಿನ್ ರೂಮು.
ಮೂವತ್ತೊಂದು ವರ್ಷ ನೀರಿನ ಗೆರೆಯ ಕೆಳಗೆ.
ದೇಶ ದೇಶ ಸುತ್ತಿ ಕಂಡದ್ದು ಗೇಜಿನ ಮುಳ್ಳು.
ಈಗ ನಿಮಗೊಂದು ಆಸೆ: ಒಮ್ಮೆ ಅವರು ಮೇಲೆ ಕೂರಬೇಕು,
ಕುಶನಿನ ಕುರ್ಚಿ, ಕೈಯಲ್ಲಿ ಶರಬತ್ತು,
ಎದುರಿಗೆ ಬರಿಯ ಸಮುದ್ರ.
ಒಳ್ಳೆಯ ಆಸೆ. ಬರೆದುಕೊಂಡೆ.

ಅರ್ಧ ಈಗ, ಅರ್ಧ ಹಲಗೆ ದಾಟುವ ಮುಂಚೆ.
ಗಾಳಿ ಬಿಗಿದರೆ ದಿನ ಬದಲು, ಹಣ ಹೋಗುವುದಿಲ್ಲ.
ಆ ಒಂದು ಸಾಲು ನಾನು ಬರೆಸಿದ್ದು;
ಮಾಲಕ ಮೂರು ದಿನ ಮಾತು ಬಿಟ್ಟ.
ಡೀಸೆಲು ಸೇರಿ. ಕೇಕು ನಿಮ್ಮದು.
ಸಹಿ ಇಲ್ಲಿ.
ಅಲ್ಲ, ಅದು ನನ್ನ ಜಾಗ.

*

ಆದಿತ್ಯವಾರ ನಾಲ್ಕೂವರೆಗೆ ಬಿಟ್ಟರು.
ದಕ್ಕೆಯಲ್ಲಿ ನಿಂತು ಎಣಿಸಿದೆ: ಒಂಬತ್ತು ಮಂದಿ,
ವಾಮನ ಸೇರಿ ಹತ್ತು, ಜಾಕೆಟು ಹನ್ನೊಂದು.
ಗ್ರೇಗರಿ ಪೊರ್ಬುಗಳು ಕೊನೆಗೆ, ಇಸ್ತ್ರಿಯ ಅಂಗಿ,
ಮಗಳ ತೋಳು ಬೇಡ ಅಂದರು.
ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದರು.
ದೋಣಿ ನೋಡುವವರು ಉಂಟು, ನೀರು ನೋಡುವವರು ಉಂಟು,
ನಡುವಿನದನ್ನು ಯಾರೂ ನೋಡುವುದಿಲ್ಲ.
ಮನುಷ್ಯ ನನಗೆ ಹಿಡಿಸಿದರು.

ನನಗೆ ನೀರು ಆಗುವುದಿಲ್ಲ, ಅಳಿವೆ ದಾಟಿದರೆ ಹೊಟ್ಟೆ ಬಾಯಿಗೆ.
ಹಾಗಾಗಿ ಮುಂದಿನದ್ದು ವಾಮನ ಫೋನಿನಲ್ಲಿ ಹೇಳಿದ್ದು:

ಬೆಂಗ್ರೆಯ ಗಾಳಿಮರಗಳು ಕಡ್ಡಿಯಷ್ಟಾಗುವಾಗ
ಕುರ್ಚಿ ಖಾಲಿ. ಶರಬತ್ತಿನಲ್ಲಿ ಐಸು ಕರಗಿ ನೀರು.
ಹುಡುಕಿದರೆ ಮುದುಕರು ಹಿಂದೆ, ಮುಚ್ಚಳ ಎತ್ತಿಸಿ,
ಮೆಷಿನಿನ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ.
“ಮೂರನೆಯ ಇಂಜೆಕ್ಟರು ತೊದಲುತ್ತಿದೆ” ಎಂದರಂತೆ.
ಮಗಳಿಗೆ ಮೊದಲು ಸಿಟ್ಟು.
ಆಮೇಲೆ ಕೇಕಿನ ತಟ್ಟೆ ಹಿಡಿದು
ಅಲ್ಲೇ, ಡೀಸೆಲಿನ ವಾಸನೆಯಲ್ಲಿ, ಪಕ್ಕದಲ್ಲಿ ಕೂತಳಂತೆ.
ಸೂರ್ಯ ಮುಳುಗಿದ್ದನ್ನು ಉಳಿದ ಏಳು ಮಂದಿ ನೋಡಿದರು.

ಸೋಮವಾರ ಮಾಲಕ ಬಿಚ್ಚಿಸಿದ. ಮೂರನೆಯದೇ.
“ಆ ಜನ ತಿಂಗಳಿಗೊಮ್ಮೆ ಬರಬಹುದಾ, ಕೇಳು.”
ಎರಡೂ ಕಡೆಯ ಕಮಿಷನು ಡೈರಿಯಲ್ಲಿ ಬರೆದೆ,
ಹೊಡೆದು ಹಾಕಿದೆ.

ಬುಧವಾರ ಪೊರ್ಬುಗಳೇ ಬಂದರು,
ಹದಿನಾಲ್ಕು ಮೆಟ್ಟಿಲು, ನಿಂತು ನಿಂತು.
ಚಾ ತರಿಸಿ ಕೇಳಿದೆ: ಸಮುದ್ರ ಹೇಗಿತ್ತು?
ಅವರು ಮೇಲೆ ನೋಡಿದರು.
“ಬೇರಿಂಗ್ ಹೋಗಿದೆ. ಪಾಪ,
ಎಷ್ಟು ವರ್ಷದಿಂದ ಹೀಗೆ ಕೂಗಿಸ್ತಿದ್ದೀರಿ?”

ಸ್ವಿಚ್ಚು ಆರಿಸಿದೆ.
ಬೆವರುತ್ತ ಕೂತೆವು ಇಬ್ಬರೂ.
ಕಿಟಕಿಯಿಂದ ದಕ್ಕೆಯ ಬೋಟುಗಳ ಸದ್ದು, ಒಂದರ ಹಿಂದೆ ಒಂದು.
ಒಂದಕ್ಕೆ ಅವರು ಹುಬ್ಬು ಗಂಟಿಕ್ಕಿದರು,
ಒಂದಕ್ಕೆ ಸುಮ್ಮನೆ
ತಲೆದೂಗಿದರು.