ಎತ್ತಿದ ಕೈ

ಬಾ ಕೇತೋ, ಆ ಒರಟು ಚೀಲ ಆಮೇಲೆ ತೊಡು,
ಮೊದಲು ಬರಿಗೈ ತೋರಿಸು.
ಉಗುರು ಸರಿ. ಉಂಗುರ ತೆಗೆದಿಡು,
ಗಂಧಕದ ನೀರಿಗೆ ಬೆಳ್ಳಿ ಹೇಗೂ ಕಪ್ಪಾಗುತ್ತದೆ.

ಇಲ್ಲಿಗೆ ಬರುವವರದೆಲ್ಲ ಒಂದೇ ಮಾತು:
ಜೋರಾಗಿ ಉಜ್ಜು ನಾನುಲಿ, ಮೂಳೆಗೆ ಮುಟ್ಟಲಿ.
ಕೊಟ್ಟ ದುಡ್ಡಿಗೆ ತಕ್ಕ ನೋವು ಬೇಕು ಅವರಿಗೆ.
ಕೊಟ್ಟೆ, ಇಪ್ಪತ್ತು ವರ್ಷ,
ಟಿಬಿಲಿಸಿಯ ಈ ಇಟ್ಟಿಗೆ ಗುಮ್ಮಟದಡಿ
ಬೆನ್ನೆಂದರೆ ನನಗೆ ಹಿಟ್ಟಿನ ಮುದ್ದೆ.
ಉಜ್ಜುವುದರಲ್ಲಿ ನಾನುಲಿ ಎತ್ತಿದ ಕೈ
ಎಂದು ಹೊಳೆಯಾಚೆಗೂ ಹೆಸರು.

ಆಗ ಬಂದಳು ಲಾಮಾರಾ.
ಗ್ರೀಸಿನಲ್ಲಿ ಯಾರದೋ ತಾಯಿಯನ್ನು
ಎತ್ತಿ, ತೊಳೆದು, ಉಣಿಸಿ, ಮಲಗಿಸಿ
ಏಳು ವರ್ಷದ ಮೇಲೆ ಊರಿಗೆ ಹೊರಟವಳು,
ಎರಡು ಹಗಲು ಎರಡು ರಾತ್ರಿ
ಬಸ್ಸಿನ ಸೀಟಿನಲ್ಲಿ ಮಡಚಿಟ್ಟ ಕೊಡೆಯಂತೆ.
ಎಡ ಮೀನಖಂಡ ಹಿಡಿದುಕೊಂಡಿದೆ ಅಂದಳು,
ಕಲ್ಲಿನ ಮೇಲೆ ಬೋರಲು ಮಲಗಿದಳು.

ಬಿಸಿಯಿತ್ತು ಕಾಲು. ಒಂದೇ ಕಾಲು.
ಈ ಕೋಣೆಯಲ್ಲಿ ಬಿಸಿಯಿಲ್ಲದ್ದು ಯಾವುದು, ಅಂದುಕೊಂಡೆ.
ಊದಿತ್ತು, ಚರ್ಮ ಬಿಗಿದು ಮಿರುಗುತ್ತಿತ್ತು.
ಕೂತು ಬಂದವಳಲ್ಲವೆ, ಅಂದುಕೊಂಡೆ.
ಒಳಗೆಲ್ಲೋ ಗಾಳ ನುಂಗಿದ ಮೀನಿನ ಹಾಗೆ
ಒಂದು ಬಿಗಿ.
ಬಿಡಿಸಿದರೆ ಭೇಷ್ ಅನ್ನುತ್ತಾಳೆ, ಅಂದುಕೊಂಡೆ.
ಕೈಯಾರೆ ಬಿಡಿಸಿದೆ.
ಭೇಷ್ ಅಂದಳು ಕೂಡ.

ಮೂರನೆಯ ದಿನ ಅವಳ ತಂಗಿ ಬಂದು
ಅಕ್ಕ ಮರೆತುಹೋದ ಟವೆಲು ಕೇಳಿದಳು.
ಕಪ್ಪು ಉಟ್ಟಿದ್ದಳು.
ಕಾಲಿನಲ್ಲಿ ಕಟ್ಟಿದ ನೆತ್ತರ ಹೆಪ್ಪು
ಎದ್ದು ಎದೆಗೆ ಹೋಯಿತಂತೆ.
ನಿನ್ನಿಂದಲೇ ಎನ್ನಲಾಗದು, ಅಂದರು ಡಾಕ್ಟರು,
ಯಾವಾಗಲಾದರೂ ಹೊರಡುವಂಥದ್ದೇ ಅದು.
ಒಳ್ಳೆಯ ಮನುಷ್ಯ.
ತಲೆ ಅವರ ಮಾತು ಕೇಳಿತು,
ಕೈ ಕೇಳಲಿಲ್ಲ.
ಆ ಚಳಿಗಾಲ ಪೂರ್ತಿ ಬರೀ ನೆಲ ತೊಳೆದೆ.

ಮತ್ತೆ ಕಲ್ಲಿನ ಹತ್ತಿರ ನಿಂತಾಗ
ಎಲ್ಲರನ್ನೂ ಓಡಿಸುವುದೇ ಕಸುಬಾಯಿತು ನನಗೆ.
ಬಸುರಿಯೆ? ಬೇಡ. ಸಕ್ಕರೆ ಕಾಯಿಲೆಯೆ? ಬೇಡ.
ನೆತ್ತರು ತೆಳುವಾಗುವ ಮಾತ್ರೆಯೆ? ಹೋಗಮ್ಮ, ಹೋಗು.
ಬೇಡ ಅನ್ನುವುದು ಎಷ್ಟು ಸುಲಭ ಗೊತ್ತೆ, ಕೇತೋ,
ಅದರಲ್ಲೂ ಹೆಸರು ಬರುತ್ತದೆ.

ಮೇದೇಯಾ ಒಂದು ದಿನ ಬಾಗಿಲಲ್ಲೇ ನಿಂತಳು.
ಬಲ ಮೊಲೆ ತೆಗೆದಿದ್ದರು, ಕಂಕುಳ ಗಂಟುಗಳನ್ನೂ.
ಬೇಡ, ಅಂದೆ.
ಗಂಡ ಮುಟ್ಟಲು ಹೆದರುತ್ತಾನೆ ಅಂದಳು,
ಮಗಳು ದೂರದಿಂದಲೇ ಅಪ್ಪಿಕೊಳ್ಳುತ್ತಾಳೆ,
ದುಡ್ಡು ಕೊಡುತ್ತೇನೆಂದರೂ ಹೆದರುತ್ತೀಯಲ್ಲ ನಾನುಲಿ.
ಕೋಪದಲ್ಲೇ ಅಂದಳು, ಅಳಲಿಲ್ಲ.

ಅವಳ ಡಾಕ್ಟರ ಹತ್ತಿರ ನಾನೇ ಹೋದೆ,
ನಾಲ್ಕನೇ ಮಹಡಿ, ಲಿಫ್ಟು ಕೆಟ್ಟಿತ್ತು.
ಮುಲಾಜಿಲ್ಲದೆ ಎಲ್ಲ ಕೇಳಿ ಬರೆದುಕೊಂಡೆ.
ಬಿಸಿ ಕೊಳ ಬೇಡ. ಆ ತೋಳಿಗೆ ಒರಟು ಚೀಲ ಬೇಡ,
ಒತ್ತುವುದಂತೂ ಬೇಡವೇ ಬೇಡ.
ಉಳಿದ ಮೈ ಉಂಟಲ್ಲ!
ಪಾದ, ಸೊಂಟ, ಎಡ ಭುಜ, ತಲೆ.
ಬಲಕ್ಕೆ ಬರೀ ಸೋಪಿನ ನೊರೆ:
ಬಟ್ಟೆಯ ಚೀಲ ಊದಿಸಿ ಹಿಂಡಿದರೆ
ಮೋಡದಂತೆ ಇಳಿಯುತ್ತದಲ್ಲ, ಅದು.
ಅವಳು ಕಣ್ಣು ಮುಚ್ಚಿದಳು. ಎಷ್ಟು ಹೊತ್ತೋ.
ನನ್ನ ಕೈ ಗಾಳಿಯಲ್ಲಿ,
ಚರ್ಮಕ್ಕೂ ಅದಕ್ಕೂ ನಡುವೆ ನೊರೆಯಷ್ಟೇ ಜಾಗ.
ಇಪ್ಪತ್ತು ವರ್ಷದಲ್ಲಿ ನನ್ನ ತೋಳು
ಅಷ್ಟು ದಣಿದಿದ್ದಿಲ್ಲ.

ಯಾರೋ ಬಂದರು, ನೋಡು.
ಮೆಟ್ಟಿಲಿಳಿಯುವಾಗ ಯಾವ ಕಾಲಿಗೆ ಭಾರ ಬಿಡುತ್ತಿಲ್ಲ?
ಹೋಗು, ಕೋಟು ತೆಗೆದುಕೊಳ್ಳುತ್ತ ಕೇಳು,
ಎಲ್ಲಿಂದ ಬಂದಿರಿ, ಎಷ್ಟು ದೂರ,
ಯಾವ ಮಾತ್ರೆ, ಯಾವ ಹೊಲಿಗೆ.
ಚಹಾ ಕೊಟ್ಟು ಕೇಳು.
ಆಮೇಲೆ ಎರಡೂ ಅಂಗೈ, ಎರಡೂ ಕಾಲಿನ ಮೇಲೆ,
ಒತ್ತದೆ ಇಡು,
ಒಲೆಯ ಮೇಲಿನ ಪಾತ್ರೆ ಮುಟ್ಟಿ ನೋಡುವ ಹಾಗೆ.

ಒಂದೇ ಕಡೆ ಬಿಸಿಯಿದ್ದರೆ
ನನ್ನನ್ನು ಕೂಗಬೇಡ,
ಮೊದಲು ಕೈ ಎತ್ತು.