ಹೆಬ್ಬೆರಳು ಬಿಡುವ ಮುನ್ನ

ಸುಲ್ತಾನ್‌ಪೇಟೆಯ ಎರಡನೇ ಮಹಡಿ.
ಮೆಟ್ಟಿಲ ತಿರುವಿನಲ್ಲಿ ಗೋಂದು, ಶಾಯಿ,
ಯಾರದೋ ಡಬ್ಬಿಯ ಚಿತ್ರಾನ್ನದ ವಾಸನೆ.
ಇಲ್ಲಿ ನಾನು ದಿನಕ್ಕೆ ಮೂರು ಮದುವೆ ಮಾಡಿಸುತ್ತೇನೆ,
ಒಂದು ಗೃಹಪ್ರವೇಶ,
ಬಿಡುವಿದ್ದರೆ ಬೋರ್‌ವೆಲ್ ಅಂಗಡಿಯ ಬಿಲ್ ಬುಕ್ಕು.

ಹೊಸದರಲ್ಲಿ ಎಲ್ಲಕ್ಕೂ ಮೌಸೇ ಗತಿ.
ರೋಸಲಿನಕ್ಕ ಮಣಿಕಟ್ಟಿನ ಮೇಲೆ ಸ್ಕೇಲಿನಿಂದ ತಟ್ಟಿ
‘ಮುಬೀನಾ, ಇಲಿ ಹಿಡಿಯೋಕೆ ಬಂದಿದೀಯೋ
ಅಕ್ಷರ ಕೂಡಿಸೋಕೋ?
ಹೆಬ್ಬೆರಳು ಆಲ್ಟ್ ಮೇಲೆ. ಊರಿಕೊಂಡೇ ಇರಲಿ.
ನಡುಬೆರಳಲ್ಲಿ ಟ್ಯಾಬ್ ಬಡಿ.
ಇನ್ನೊಂದು ಬಡಿ.’

ಬಡಿದೆ.
ತೆರೆದಿಟ್ಟ ಕಿಟಕಿಗಳೆಲ್ಲ ಪುಟ್ಟದಾಗಿ ಸಾಲು ನಿಂತವು
ಮೆಜೆಸ್ಟಿಕ್ಕಿನಲ್ಲಿ ಬಸ್ಸು ನಿಂತ ಹಾಗೆ.
ಬೋರ್ಡು ಓದಿ ಹತ್ತುವುದಷ್ಟೇ.
ಒಂದು ಮಾತ್ರ ಅಕ್ಕ ಹೇಳಲಿಲ್ಲ, ತಾನಾಗಿ ತಿಳಿಯಿತು:
ಕೊನೆಗೆ ಬಿಟ್ಟು ಬಂದದ್ದೇ
ಮೊದಲು ಎದುರಾಗುತ್ತದೆ.

ಆ ಗುರುವಾರ ಶಶಿರೇಖಾ ಒಬ್ಬಳೇ ಬಂದಳು.
ಹಿಂದಿನ ವಾರ ಅಪ್ಪನ ಜೊತೆ ಬಂದಿದ್ದವಳು.
ಗಂಗಹನುಮಯ್ಯ, ನಿವೃತ್ತ ಕಂಡಕ್ಟರು,
ಕನ್ನಡಕ ಹಣೆಗೇರಿಸಿ
ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಪ್ರೂಫು ಓದಿದ್ದರು.
‘ನನ್ನ ಹೆಸರು ಒಂಚೂರು ದಪ್ಪ ಮಾಡಮ್ಮ.
ಮೂವತ್ತು ವರ್ಷ ಟಿಕೆಟ್ ಹರಿದೆ,
ಒಂದರ ಮೇಲೂ ಇರಲಿಲ್ಲ.’
ಮಾಡಿದ್ದೆ.

ಈಗ ಅವಳ ಕೈಯಲ್ಲಿ ಇನ್ನೊಂದು ಚೀಟಿ,
ಗುರುತಿನ ಚೀಟಿಯಿಂದ ಕತ್ತರಿಸಿದ ಅವರ ಫೋಟೋ,
ಕಿವಿಯ ಮೇಲೆ ಅರ್ಧ ಸೀಲು.
‘ಮುಹೂರ್ತ ಬದಲಿಸೋದು ಬೇಡ ಅಂದ್ರು ದೊಡ್ಡಪ್ಪ.
ಕಾರ್ಡಲ್ಲಿ ಅಷ್ಟು ಮಾತ್ರ...’
ಅಷ್ಟು ಅಂದರೆ ಎಷ್ಟೆಂದು ನಾನು ಕೇಳಲಿಲ್ಲ.

ಮೊದಲು ಸಮಾರಾಧನೆಯ ಕಾರ್ಡು ಮುಗಿಸಿದೆ. ಕಪ್ಪು ಅಂಚು.
ಅದರೊಳಗಿನ ‘ದಿವಂಗತ’ಕ್ಕೆ ನೀಲಿ ಬಳಿದು
ಕಂಟ್ರೋಲ್ ಸಿ ಒತ್ತಿದೆ.
ಬೆರಳಿಗೆ ಬಾರದ ಪದವಲ್ಲ ಅದು, ದಿನಾ ಬರೆಯುತ್ತೇನೆ.
ಒಂದೇ ಮನುಷ್ಯನಿಗೆ ಎರಡು ಸಲ ಬರೆಯಲು
ಮನಸ್ಸು ಬರಲಿಲ್ಲ.

ಆಲ್ಟ್. ಟ್ಯಾಬ್.
ಎರಡೂ ಪಕ್ಕಪಕ್ಕ ನಿಂತವು,
ಇಲ್ಲಿ ಕಪ್ಪಂಚು, ಅಲ್ಲಿ ಅರಿಶಿನದ ಅಂಚು,
ಎರಡರಲ್ಲೂ ಅದೇ ಹೆಸರು, ಉಗುರಿನಷ್ಟು.
ಹೆಬ್ಬೆರಳು ಬಿಡದಷ್ಟು ಹೊತ್ತು
ಯಾವುದೂ ತೆರೆಯುವುದಿಲ್ಲ.
ಅಲ್ಲಿ ಅವರಿನ್ನೂ ಬರೀ ಶ್ರೀ.
ಕೆಳಗೆ ಆಫ್‌ಸೆಟ್ ಯಂತ್ರ ಕಾಗದ ನುಂಗುತ್ತಿತ್ತು,
ಫ್ಯಾನು ಚೀಟಿಯ ಮೂಲೆ ಎತ್ತಿ ಎತ್ತಿ ನೋಡುತ್ತಿತ್ತು.
ಪ್ಲಾಸ್ಟಿಕ್ ಸ್ಟೂಲಿನಿಂದ ಶಶಿರೇಖಾ
‘ಬಿಡಿ, ಅಕ್ಕಾ’ ಎಂದಳು.
ಬೆರಳು ಬಿಡಿ ಎಂದಳೋ,
ಹೋಗಲಿ ಬಿಡಿ ಎಂದಳೋ.

ಬಿಟ್ಟೆ.

ಶ್ರೀ ಇದ್ದದ್ದು ಒಂದಕ್ಷರದ ಜಾಗ.
ನಾಲ್ಕಕ್ಷರ ಕೂತೊಡನೆ ಸಾಲು ಮುರಿದು
‘ನವರ’ ಎಂಬುದು ಕೆಳಕ್ಕೆ ಬಿತ್ತು.
ದಪ್ಪ ತೆಗೆದರೆ ಹಿಡಿಸುತ್ತಿತ್ತು.
ತೆಗೆಯಲಿಲ್ಲ.
ಅಂಚಿನ ಬಳ್ಳಿಯನ್ನೇ, ಅದರ ಗಿಳಿಗಳ ಸಮೇತ,
ಎರಡು ಮಿಲಿಮೀಟರ್ ಹಿಂದೆ ಸರಿಸಿದೆ.
ಮದುವೆಮನೆಯಲ್ಲಿ ತಡವಾಗಿ ಬಂದವರಿಗೆ
ಚಾಪೆಯ ಮೇಲೆ ಜಾಗ ಬಿಡುವ ಹಾಗೆ.

ಅವಳು ಮುಂಗಡ ಎಣಿಸಿ ಕೊಟ್ಟಳು.
ನೋಟುಗಳನ್ನು ಉದ್ದಕ್ಕೆ ಮಡಚಿ
ಬೆರಳ ಸಂದಿಯಲ್ಲಿ ಹಿಡಿದದ್ದು ಥೇಟು ಕಂಡಕ್ಟರ ಮಗಳು.

ಸಂಜೆ ಬೋರ್‌ವೆಲ್ಲಿನವರು ಬಂದರು.
ಬಿಲ್ ಬುಕ್ಕು ತೆರೆಯಲು ಟ್ಯಾಬ್ ಬಡಿದರೆ
ಮೊದಲು ಎದುರಾದವರು ಅವರೇ,
ಗಾಜಿನ ಆ ಬದಿಯಿಂದ
ಮೂಗು ತಾಗುವಷ್ಟು ಬಗ್ಗಿ.

ಇನ್ನೊಂದು ಬಡಿದೆ.