ಸತ್ತವಳ ದುಡ್ಡು

ಲುದ್ಜಾ ಊರಿನ ನೆರವು ಕಚೇರಿಯಲ್ಲಿ
ನಾನು ಮೂರನೇ ಕಿಟಕಿ.
ಒಂದನೆಯದು ಆಗಸ್ಟಿನಲ್ಲೇ ಮುಚ್ಚಿತು.
ಎರಡನೆಯದರ ಅಂತೊನಿನಾ
ಐರ್ಲೆಂಡಿನಲ್ಲಿ ಅಣಬೆ ಕೀಳುತ್ತಾಳೆ;
ಅವಳ ಕುರ್ಚಿಯ ಮೇಲೀಗ ಅರ್ಜಿಗಳು ಕೂತಿವೆ,
ಅವಳಿಗಿಂತ ಎತ್ತರವಾಗಿ.

ರೀಗಾದಿಂದ ವಾರಕ್ಕೊಂದು ಸುತ್ತೋಲೆ.
ಬ್ಯಾಂಕೊಂದು ಮುಳುಗಿತಂತೆ, ಎತ್ತಿ ದಡಕ್ಕೆ ಹಾಕಿದರಂತೆ,
ಅದರ ಒದ್ದೆ ಬಟ್ಟೆ ಹಿಂಡಿದ ನೀರು
ಹರಿದು ಹರಿದು ನಮ್ಮ ಹೊಸ್ತಿಲಿಗೆ ಬಂತು.
ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದವರೇ
ರಾತ್ರೋರಾತ್ರಿ ಹಾಸಿಗೆ ಕತ್ತರಿಸಿದರು.
ಕಾಲು ಮೊದಲಿನಷ್ಟೇ ಉದ್ದ ಇದೆ,
ಏನು ಮಾಡೋಣ.

ಕಿಟಕಿಯಾಚೆ ಯಾಜೆಪ್ಸ್ ಮೇಷ್ಟ್ರು ಎಲೆ ಗುಡಿಸುತ್ತಾರೆ,
ತಿಂಗಳಿಗೆ ನೂರು ಲಾಟ್ಸ್, ಕಿತ್ತಳೆ ಬಣ್ಣದ ಅಂಗಿ ಪುಕ್ಕಟೆ.
ನನಗೆ ಭಿನ್ನರಾಶಿ ಕಲಿಸಿದವರು.
ಗುಡಿಸಿದ ಜಾಗಕ್ಕೇ ಮತ್ತೆ ಎಲೆ ಬೀಳುತ್ತದೆ.
ಅವರು ಮರಕ್ಕೆ ಬೈಯುವುದಿಲ್ಲ,
ಕೆಲಸ ಮುಗಿಯಬಾರದಲ್ಲ.

ಅಕ್ಟೋಬರಿನ ಒಂದು ಗುರುವಾರ ಲೊಂಗಿನಾ ಬಂದಳು.
ಎಪ್ಪತ್ತೊಂಬತ್ತು. ತಲೆಗೆ ಉಣ್ಣೆ ವಸ್ತ್ರ, ಕೈಯಲ್ಲಿ ಕಾಫಿ ಡಬ್ಬಿ.
ಕೇಳುವುದು ನಾನಲ್ಲ, ನಮೂನೆ:
ಹಸು ಇದೆಯೆ? ಹೋದ ವರ್ಷ ಮಾರಿದೆ.
ಮಗ? ಇದ್ದಾನೆ, ಅವನ ಸಾಲವೂ ಇದೆ.
ಉಳಿತಾಯ?

ಡಬ್ಬಿ ತೆರೆದಳು.
ಕರವಸ್ತ್ರದಲ್ಲಿ ಸುತ್ತಿದ ಆರುನೂರ ಇಪ್ಪತ್ತು,
ಶವಪೆಟ್ಟಿಗೆಗೆ, ಪಾದ್ರಿಗೆ, ಗುಂಡಿ ತೋಡುವ ಇಬ್ಬರಿಗೆ,
ಬಂದವರಿಗೆ ಬೇಯಿಸಿದ ಬಟಾಣಿ, ತಲೆಗೊಂದು ಲೋಟ ವೋಡ್ಕಾ.
ಚೀಟಿಯಲ್ಲಿ ಪೆನ್ಸಿಲಿನ ಲೆಕ್ಕ,
ಎರಡು ಸಲ ಕೂಡಿ ನೋಡಿದ್ದು.

'ಇಷ್ಟಿದ್ದರೆ ನೀವು ಬಡವರಲ್ಲ ಅಮ್ಮಾ' ಅಂದೆ,
ಸಾಲಿನಲ್ಲಿದ್ದವರಿಗೆ ಕೇಳದ ಹಾಗೆ.
'ಡಬ್ಬಿ ಮುಚ್ಚಿ. ನಾನು ನೋಡಿಲ್ಲ.'
'ನೋಡಿದೆಯಲ್ಲ' ಅಂದಳು.
'ಆದರೆ ಇದು ನನ್ನದಲ್ಲ ಮಗಳೇ, ಸತ್ತವಳದ್ದು.
ಅವಳ ದುಡ್ಡಿಗೆ ನಾನು ಕೈ ಹಾಕಲೆ?
ಅವಳಿಗೆ ಬೇರೆ ಯಾರಿದ್ದಾರೆ?'

ನಮೂನೆಯಲ್ಲಿ ಸತ್ತವಳಿಗೆ ಕಾಲಂ ಇಲ್ಲ.
ನನ್ನ ಪೆನ್ನು 'ಇಲ್ಲ'ದ ಹತ್ತಿರ ಹೋಗಿ ನಿಂತಿತು.
ನನಗೂ ಸಂಬಳ ಅರ್ಧ, ಮನೆಯಲ್ಲಿಬ್ಬರು ಮಕ್ಕಳು,
ತಪಾಸಣೆಯವರು ಬರುವ ತಿಂಗಳು.
'ಇದೆ' ಎಂದು ಬರೆದೆ.
ಸರಿಯಾಗಿ ಬರೆದೆ ಅಂದಳು ಅವಳೇ.
ಆ ಶಹಬ್ಬಾಸನ್ನು ಎಲ್ಲಿಡುವುದೆಂದು
ನನಗಿನ್ನೂ ಗೊತ್ತಾಗಿಲ್ಲ.

ಮಾರ್ಚಿನಲ್ಲಿ, ಕೆರೆಯ ಹೆಪ್ಪು ಬಿರಿಯುವ ಹೊತ್ತಿಗೆ
ಮತ್ತೆ ಬಂದಳು, ಅದೇ ಡಬ್ಬಿ.
ಬೋರಲು ಹಾಕಿ ತಟ್ಟಿದಳು.
ಒಂದು ಪೆನ್ಸಿಲ್ ಚೂರು ಬಿತ್ತು.
'ಪೆಟ್ಟಿಗೆ ಒಲೆಗೆ ಹೋಯಿತು, ಜನವರಿಯಲ್ಲಿ.
ಪಾದ್ರಿ ಔಷಧಿಯಂಗಡಿಗೆ.
ಗುಂಡಿ ತೋಡುವವರನ್ನು
ಆಲೂಗಡ್ಡೆ ಜೊತೆ ಬೇಯಿಸಿ ತಿಂದೆ.'
ನಕ್ಕಳು, ಹಲ್ಲಿಲ್ಲದ ಕಡೆಯಿಂದ.
'ಈಗ ಬಡವಿ, ಬರೆದುಕೋ.
ಇನ್ನು ಸಾಯುವ ಹಾಗಿಲ್ಲ, ಅಷ್ಟೇ.'

ಮುದ್ರೆ ಒತ್ತಿದೆ. ಮೂಡಲಿಲ್ಲ.
ಹೊಸ ಮಸಿಗೆ ಅನುದಾನವಿಲ್ಲ.
ಬಾಯಿಗೆ ಹಿಡಿದು ಉಸಿರೂದಿ
ಮತ್ತೊಮ್ಮೆ ಒತ್ತಿದೆ.